ಸುರಪುರದ ಸಿಟ್ಟು ಯಾವ ಲೆಕ್ಕಕ್ಕೆ?

ಊರಿನ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಫೇಸ್‌ಬುಕ್ಕಿಗೆ ಬಂದರೆ ಕೆಳಗೆ ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಸಾಲುಸಾಲಾಗಿ ಬರೆಯುತ್ತಾರೆ. ಬರೆಯಲು ಪುರುಸೊತ್ತಿಲ್ಲದವರು ಲೈಕ್ ಒತ್ತುತ್ತಾರೆ. ಪದ ಎಣಿಸುವ ಯಂತ್ರಕ್ಕೆ ‘ಶಾಂತಿ’ಯೂ ಒಳ್ಳೆಯ ಪದ, ಲೈಕೂ ಮೆಚ್ಚುಗೆ. ಜಾಲತಾಣದ ಭಾವನೆಗಳನ್ನು ದತ್ತಾಂಶವಾಗಿ ಓದುವ ಶಾಸ್ತ್ರ ಎರಡು ದಶಕಗಳಿಂದ ಬಿಡಿಸಲು ಹೆಣಗುತ್ತಿರುವುದು ಇಂಥ ಗಂಟುಗಳನ್ನೇ.

ಶುರುವಾದದ್ದು ಸಿನಿಮಾ ವಿಮರ್ಶೆಗಳಿಂದ. 2002ರಲ್ಲಿ ಬೊ ಪ್ಯಾಂಗ್, ಲಿಲಿಯನ್ ಲೀ, ಶಿವಕುಮಾರ್ ವೈದ್ಯನಾಥನ್ ಇಂಗ್ಲಿಷ್ ವಿಮರ್ಶೆಗಳನ್ನು ಹೊಗಳಿಕೆ, ತೆಗಳಿಕೆ ಎಂದು ಯಂತ್ರದಿಂದ ವಿಂಗಡಿಸಿದರು. 2009ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಟ್ವೀಟಿನೊಳಗಿನ ನಗು–ಬೇಸರದ ಚಿಹ್ನೆಯನ್ನೇ ಸರಿಯುತ್ತರವೆಂದು ಹಿಡಿದು ಯಂತ್ರಕ್ಕೆ ಪಾಠ ಹೇಳಿದರು. ಭಾವಕ್ಕೆ ಲೇಬಲ್ ಹಚ್ಚುವ ಕೆಲಸ ಹೀಗೆ, ಕೂಲಿಯಿಲ್ಲದೆ, ಬರೆದವರ ಹೆಗಲಿಗೇ ಬಿತ್ತು. 2016ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಲೈಕಿನ ಪಕ್ಕ ಪ್ರೀತಿ, ನಗು, ಅಚ್ಚರಿ, ದುಃಖ, ಸಿಟ್ಟಿನ ಗುರುತುಗಳನ್ನು ಇಟ್ಟ ಮೇಲೆ ಈ ಪುಕ್ಕಟೆ ಲೇಬಲ್ಲಿನ ಬೆಳೆ ಇನ್ನೂ ಹುಲುಸಾಯಿತು.

ಆದರೆ ಅಳೆಯುವವರೇ ಭಾವನೆಯನ್ನು ಕೆದಕುತ್ತಿದ್ದರು. 2012ರ ಜನವರಿಯಲ್ಲಿ ಫೇಸ್‌ಬುಕ್ 6,89,003 ಬಳಕೆದಾರರ ಮುಂದೆ ಬರುವ ಬರಹಗಳಲ್ಲಿ ಸಂತೋಷದ್ದನ್ನೋ ದುಃಖದ್ದನ್ನೋ ಕಡಿಮೆ ಮಾಡಿ, ಅವರ ಮಾತು ಹೇಗೆ ತಿರುಗುತ್ತದೆಂದು ನೋಡಿತು. ಫಲಿತಾಂಶ 2014ರಲ್ಲಿ ಪ್ರಕಟವಾದಾಗಲೇ ಜನರಿಗೆ ಗೊತ್ತಾದದ್ದು. ಯಾವ ಬರಹ ಹೆಚ್ಚು ಜನರಿಗೆ ಕಾಣಬೇಕೆಂಬ ಲೆಕ್ಕದಲ್ಲಿ 2017ರಲ್ಲಿ ಸಿಟ್ಟಿನ ಗುರುತಿಗೆ ಲೈಕಿನ ಐದು ಪಟ್ಟು ತೂಕ ಕೊಡಲಾಗಿತ್ತು. 2020ರಲ್ಲಿ ಅದನ್ನು ಸೊನ್ನೆಗೆ ಇಳಿಸಬೇಕಾಯಿತು. ಆ ವರ್ಷಗಳ ಸಿಟ್ಟಿನ ಅಂಕಿಗಳನ್ನು ಜನಾಭಿಪ್ರಾಯ ಎಂದು ಓದುವುದು ನನ್ನ ಮಟ್ಟಿಗೆ ತಪ್ಪು.

ಕನ್ನಡದ ಕೆಲಸ ತಡವಾಗಿ ಬಂತು. 2015ರಲ್ಲಿ ಕೆ.ಎಂ. ಅನಿಲ್ ಕುಮಾರ್ ಮತ್ತು ಸಂಗಡಿಗರು ಕನ್ನಡದ ಜಾಲಬರಹಗಳಲ್ಲಿ ಬಳಕೆದಾರರ ಭಾವವನ್ನು ಹುಡುಕಿದರು. ನಮ್ಮಲ್ಲಿ ‘ಚೆನ್ನಾಗಿರಲಿಲ್ಲ’ ಎಂಬ ಒಂದೇ ಪದದ ತಲೆಯಲ್ಲಿ ಮೆಚ್ಚುಗೆ, ಬಾಲದಲ್ಲಿ ನಿರಾಕರಣೆ ಇರುವುದರಿಂದ ಇಂಗ್ಲಿಷಿನ ಉಪಾಯಗಳು ಹಾಗೇ ನಡೆಯುವುದಿಲ್ಲ. ಅನೇಕರು ಮೊಬೈಲಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಮನಸ್ಸಿಗೆ ಬಂದ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ ಎಂಬುದು ಮತ್ತೊಂದು ತೊಡಕು. 2020ರಲ್ಲಿ ಆದೀಪ್ ಹಂದೆ, ರೂಬಾ ಪ್ರಿಯದರ್ಶಿನಿ, ಭಾರತಿ ರಾಜ ಚಕ್ರವರ್ತಿ ಇದನ್ನೇ ಎದುರಿಸಿ, ಯೂಟ್ಯೂಬಿನ 7,671 ಕಾಮೆಂಟುಗಳ ‘ಕ್ಯಾನ್‌ಸಿಎಂಡಿ’ ಸಂಗ್ರಹ ಕೊಟ್ಟರು. ಅದರಲ್ಲಿ ಮೆಚ್ಚುಗೆ, ವಿರೋಧ, ಮಿಶ್ರಭಾವಗಳ ಜೊತೆ ‘ಕನ್ನಡವಲ್ಲ’ ಎಂಬ ಖಾನೆಯೂ ಇದೆ. ನನಗೆ ದಿಗಿಲಾಗುವುದು ಆ ಖಾನೆ ಕಂಡಾಗ.

ಏಕೆಂದರೆ ಯಾದಗಿರಿ ಜಿಲ್ಲೆಯ ಕನ್ನಡ ಉರ್ದುವಿನೊಂದಿಗೆ ಬೆರೆತದ್ದು. ಗುರುಮಠಕಲ್ ಕಡೆ ತೆಲುಗೂ ಸೇರುತ್ತದೆ. ಅದೂ ‘ಕನ್ನಡವಲ್ಲ’ ಎಂಬ ಖಾನೆಗೇ ಬಿದ್ದೀತು. ಮಳೆಗಾಲದಲ್ಲಿ ಗುಂಡಿಬಿದ್ದ ರಸ್ತೆಯ ವಿಡಿಯೊಕ್ಕೆ ಶಹಾಪುರದವರು ಬರೆಯುವ ಧಾಟಿ ಹೀಗಿರುತ್ತದೆ: ‘ಏನ್ ಮಸ್ತ್ ರಸ್ತಾ ಮಾಡ್ಯಾರಪಾ, ಭತ್ತ ಹಚ್ಚಲಾಕ ಬರೋಬ್ಬರಿ ಅದ!’ ‘ಮಸ್ತ್’, ‘ಬರೋಬ್ಬರಿ’ ಎರಡೂ ಹೊಗಳಿಕೆ. ಕೊನೆಗೊಂದು ನಗುವ ಎಮೋಜಿ ಬೇರೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆ ಕಂಡವರಿಗೆ ಮಾತ್ರ ಆ ಸಿಟ್ಟು ಥಟ್ಟನೆ ತಿಳಿಯುತ್ತದೆ. ಗೂಗಲ್‌ನ ‘ಮುರಿಲ್’ನಂಥ ಮಾದರಿಗಳು ಭಾರತೀಯ ಭಾಷೆಗಳನ್ನು ಇಂಗ್ಲಿಷ್ ಅಕ್ಷರದಲ್ಲೂ ಕಲಿತಿವೆ, ನಿಜ. ಆದರೂ ಇಂಥ ಸಾಲಿಗೆ ಲೇಬಲ್ ಹಚ್ಚುವವರು ಸುರಪುರ, ಶಹಾಪುರದ ಕಾಲೇಜುಗಳ ಹುಡುಗ ಹುಡುಗಿಯರೇ ಆಗಬೇಕು. ಆ ಕೆಲಸಕ್ಕೆ ಕೂಲಿಯೂ ಸಿಗಬೇಕು.

ಇಂಥ ವಿಂಗಡಣೆಯ ಉಪಯೋಗ ದೊಡ್ಡದಿದೆ. ಬಸವಸಾಗರ ಜಲಾಶಯದಿಂದ ಕೃಷ್ಣೆಗೆ ನೀರು ಬಿಟ್ಟಾಗ ನದಿಯ ನಡುಗಡ್ಡೆ ನೀಲಕಂಠರಾಯನಗಡ್ಡಿಯ ದಾರಿ ಕಡಿದದ್ದುಂಟು. ಆಗ ಬರುವ ನೂರಾರು ಸಂದೇಶಗಳಲ್ಲಿ ಮರುಕ ಯಾವುದು, ‘ಬೋಟ್ ಕಳಸ್ರಿ’ ಎಂಬ ಮೊರೆ ಯಾವುದು ಎಂದು ಬೇರ್ಪಡಿಸಿದರೆ ಜಿಲ್ಲಾಡಳಿತಕ್ಕೆ ನೆರವಾದೀತು. ಆದರೆ ಸಣ್ಣ ಊರಲ್ಲಿ ಹೆಸರು ಅಳಿಸಿದರೂ ಬರೆದವರಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಅಧಿಕಾರಿಗಳ ವಿರುದ್ಧದ ಸಿಟ್ಟನ್ನು ಅಧಿಕಾರಿಗಳೇ ಎಣಿಸುವಾಗ ಈ ಭಯ ಸಣ್ಣದಲ್ಲ.

ಇನ್ನೊಂದು ಮಾತು. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಓದುಬರಹ ಬಾರದವರೂ ವಾಟ್ಸ್‌ಆ್ಯಪಿನಲ್ಲಿ ದನಿ ಕಳಿಸುತ್ತಾರೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮಗನಿಗೆ ಮೊಬೈಲಿನಲ್ಲೇ ಅತ್ತು ಹೇಳುತ್ತಾರೆ. ಅವರ ಒಪ್ಪಿಗೆ ಕೇಳಿ, ಆ ದನಿಯನ್ನೂ ಕನ್ನಡವೆಂದು ಒಪ್ಪಿ ಕಟ್ಟುವ ಸಂಗ್ರಹವೇ ಇಲ್ಲಿಗೆ ಮೊದಲು ಬೇಕಾದದ್ದು.