ಸೊಂಟದ ಪಿಸ್ತೂಲು, ಹೆಬ್ಬೆರಳಿನ ಕೊಂಡಿ

1990ರ ದಶಕದಲ್ಲಿ ಹಫ್ತಾ ವಸೂಲಿಯ ಫೋನುಗಳು ಮುಂಬಯಿಯ ವ್ಯಾಪಾರಿಗಳ ನಿದ್ದೆಗೆಡಿಸಿದಾಗ, ನಮ್ಮ ಹೋಟೆಲಿನವರಲ್ಲೂ ಪಿಸ್ತೂಲಿನ ಲೈಸೆನ್ಸಿನ ಮಾತು ಕೇಳಿಬರುತ್ತಿತ್ತು. ಲೈಸೆನ್ಸು ಸಿಕ್ಕಿತೆನ್ನಿ. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಇಳಿಬಿಟ್ಟು, ಕುರ್ಲಾ ಸ್ಟೇಷನ್ನಿನ ಸಂಜೆಯ ನೂಕುನುಗ್ಗಲಿಗೆ ಇಳಿಯುವವನು ಸೇಫ್ಟಿ ಹಾಕಿಡಬೇಕೇ, ತೆಗೆದಿಡಬೇಕೇ? ಹಾಕಿಟ್ಟರೆ ಆಪತ್ತಿನಲ್ಲಿ ಹೆಬ್ಬೆರಳು ಮರೆತೀತು. ತೆಗೆದಿಟ್ಟರೆ ತನ್ನ ತೊಡೆಗೇ ಗುಂಡು ಬಿದ್ದೀತು.

ಈ ಇಕ್ಕಟ್ಟು ಹಳೆಯದು. ಟಿಪ್ಪುವಿನ ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಹುಲಿಮೊಗದ ಅಲಂಕಾರದ ಚಕಮಕಿ ಕೋವಿಗಳೂ ಪಿಸ್ತೂಲುಗಳೂ ತಯಾರಾಗುತ್ತಿದ್ದವು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಎಷ್ಟೋ ಇಂಗ್ಲೆಂಡಿಗೆ ಹೋದವು. ಚಕಮಕಿ ಪಿಸ್ತೂಲಿನಲ್ಲಿ ಕಲ್ಲು ಕಚ್ಚಿದ ಸುತ್ತಿಗೆಯನ್ನು ಅರ್ಧಕ್ಕೆ ಎಳೆದರೆ ಒಳಗಿನ ಆಳವಾದ ಕಚ್ಚಿನಲ್ಲಿ ಕೂರುತ್ತದೆ. ಕುದುರೆ ಒತ್ತಿದರೂ ಬೀಳುವುದಿಲ್ಲ. ಪೂರ್ತಿ ಎಳೆದರೆ ಮಾತ್ರ ಸಿಡಿತ. ಆದರೆ ಆ ಕಚ್ಚು ಸವೆದರೆ ಅರ್ಧದಿಂದಲೇ ಜಾರಿಬಿಡುತ್ತದೆ. ಕೈಯಿಂದ ಹಾಕುವ ಸೇಫ್ಟಿಯ ಮೂಲ ಇಲ್ಲೇ ಇದೆ, ಅದರ ದೌರ್ಬಲ್ಯವೂ ಇಲ್ಲೇ.

ನೂರಹತ್ತು ವರ್ಷಗಳ ನಂತರ ಇನ್ನೊಂದು ಜಾತಿಯ ಪಿಸ್ತೂಲು ಮುಂಬಯಿಗೆ ಬಂದಿಳಿಯಿತು. 1909ರಲ್ಲಿ ಲಂಡನ್ನಿನ ಇಂಡಿಯಾ ಹೌಸಿನ ಅಡಿಗೆಯವನಾಗಿದ್ದ ಚತುರ್ಭುಜ ಅಮೀನ್, ಸಾವರಕರ್ ಕಳಿಸಿದ 20 ಬ್ರೌನಿಂಗ್ ಪಿಸ್ತೂಲುಗಳನ್ನು ಎರಡು ತಳದ ಪೆಟ್ಟಿಗೆಯಲ್ಲಿ ತಂದ. ಆ ಡಿಸೆಂಬರ್ 21ರಂದು ನಾಸಿಕದ ನಾಟಕಮಂದಿರದಲ್ಲಿ ಅನಂತ ಕಾನ್ಹೇರೆ ಕಲೆಕ್ಟರ್ ಜ್ಯಾಕ್ಸನನನ್ನು ಕೊಂದದ್ದು ಬ್ರೌನಿಂಗ್‌ನಿಂದಲೇ. 1910ರ ಏಪ್ರಿಲ್ 19ರಂದು ಅವನನ್ನು ಗಲ್ಲಿಗೇರಿಸಿದ ಠಾಣೆಯ ಜೈಲು ನಮ್ಮ ಕುರ್ಲಾದ ರೈಲುದಾರಿಯಲ್ಲೇ ಇದೆ.

ಬ್ರೌನಿಂಗ್‌ನ ವಿಶೇಷ ಅದು ಚಪ್ಪಟೆಯಾಗಿರುವುದು. ಕೋಟಿನೊಳಗೆ ಉಬ್ಬು ಕಾಣದು. ಕೊಳವೆಯಲ್ಲಿ ಗುಂಡು ಕೂತು, ಸ್ಪ್ರಿಂಗು ಬಿಗಿದೇ ಇರುವುದರಿಂದ 1900ರ ಮಾದರಿಯ ಎಡಬದಿಗೆ ಹೆಬ್ಬೆರಳಿಗೆ ಎಟಕುವ ಕೊಂಡಿಯನ್ನಿಟ್ಟರು. ಅಡಗಿಸಿಕೊಂಡು ಒಯ್ಯುವವನಿಗೆ ಇದು ವರವಾಯಿತು, ಬೆರಳಿಗೆ ಅಭ್ಯಾಸವಿದ್ದರೆ.

ರಿವಾಲ್ವರಿನವರ ಕಥೆಯೇ ಬೇರೆ. ಹೆಚ್ಚಿನವಕ್ಕೆ ಹೊರಗಿನ ಕೊಂಡಿಯೇ ಇಲ್ಲ. ಕುದುರೆಯ ಬಿಗುವೇ ಕಾವಲು. ಹಳೆಯ ರಿವಾಲ್ವರು ಕೆಲವು ಕೆಳಗೆ ಬಿದ್ದರೆ ಸುತ್ತಿಗೆಗೆ ತಾಗಿದ ಪೆಟ್ಟೇ ಸಾಕು. ಅದಕ್ಕೇ ಹಿಂದಿನವರು ಸುತ್ತಿಗೆಯ ಕೆಳಗಿನ ಮನೆಯನ್ನು ಖಾಲಿ ಬಿಡುತ್ತಿದ್ದರು: ಆರು ಮನೆ, ಐದು ಗುಂಡು. 2024ರ ಅಕ್ಟೋಬರ್ 1ರ ನಸುಕಿನಲ್ಲಿ ನಟ ಗೋವಿಂದ ಅವರ ಕಾಲಿಗೆ ಜುಹೂ ಮನೆಯಲ್ಲಿ ತಗುಲಿದ್ದು ಅವರದೇ ಲೈಸೆನ್ಸಿನ ರಿವಾಲ್ವರಿನ ಗುಂಡು. ಕೈಜಾರಿ ಬಿದ್ದು ಹಾರಿತೆಂದು ಅವರು ಹೇಳಿದರು. ಎದುರಿಗೆ ಶತ್ರುವೂ ಇರಲಿಲ್ಲ, ಗದ್ದಲವೂ ಇರಲಿಲ್ಲ.

2016ರ ಶಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಹೋಲ್ಸ್ಟರಿನಲ್ಲಿ, ಪೂರ್ತಿ ಮುಚ್ಚಿರಬೇಕು. ನನಗಂತೂ ಕೊಂಡಿಗಿಂತ ಈ ಚೀಲವೇ ದೊಡ್ಡದೆನಿಸುತ್ತದೆ. ಕುರ್ಲಾದ ಸೇತುವೆಯ ಮೇಲೆ ಬೆಲ್ಟಿಗೆ ಉಜ್ಜಿ ಕೊಂಡಿ ಕೆಳಗಿಳಿದರೆ ಯಾರಿಗೆ ಗೊತ್ತಾದೀತು? ಕುದುರೆಯನ್ನು ಗಟ್ಟಿ ತೊಗಲು ಮುಚ್ಚಿದ್ದರೆ, ಪಕ್ಕದವನ ಮೊಣಕೈಯಾದರೂ ಅದನ್ನು ಮುಟ್ಟಲಾರದು.