ನಡುಮನೆಯ ದನಿಪೆಟ್ಟಿಗೆ

ದನಿಯನ್ನು ಹಿಗ್ಗಿಸುವ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಮೆರಿಕದಿಂದ ಮೊದಲು ಮಾಡುತ್ತಾರೆ. ತಿರುಮಕೂಡಲಿನಿಂದ ಮೊದಲು ಮಾಡಿದರೂ ದೋಷವಿಲ್ಲ. ಟಿ. ನರಸೀಪುರದ ಮಗ್ಗುಲಿಗೆ, ಕಪಿಲೆ ಕಾವೇರಿಯನ್ನು ಕೂಡುವ ಆ ಊರಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರನ್ನು, ಮೈಕಿಲ್ಲದ ಕಾಲದ ಸಭೆಗಳಲ್ಲಿ ಒಂದು ಕೊರತೆ ಕಾಡುತ್ತಿತ್ತು. ನಾಲ್ಕು ತಂತಿಯ ನಾದ ಹಿಂದಿನ ಸಾಲಿನವರಿಗೆ ಸಾಲುತ್ತಿರಲಿಲ್ಲ. 1927ರಲ್ಲಿ ಅವರು ಇನ್ನು ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಅದಕ್ಕೆ ಎರಡು ವರ್ಷ ಮೊದಲು, ಜನರಲ್ ಎಲೆಕ್ಟ್ರಿಕ್ ಕಂಪೆನಿಯ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು, ಅಯಸ್ಕಾಂತದ ನಡುವೆ ಅಲುಗುವ ಸುರುಳಿಯೊಂದಕ್ಕೆ ಕಾಗದದ ಶಂಕುವನ್ನು ಅಂಟಿಸಿ ಹೊಸ ಬಗೆಯ ಧ್ವನಿವರ್ಧಕವನ್ನು ಪ್ರಕಟಪಡಿಸಿದ್ದರು. ಇಂದು ಅಂಗಡಿಯಲ್ಲಿ ಸಿಕ್ಕುವ ಸ್ಪೀಕರುಗಳು ಬಹುಮಟ್ಟಿಗೆ ಅದರ ಮೊಮ್ಮಕ್ಕಳು.

ಸಭೆಗೆ ಬೇಕಾದದ್ದು ಎಲ್ಲರಿಗೂ ಮುಟ್ಟುವ ದನಿ. ಮನೆಯ ಕಷ್ಟ ಬೇರೆ. ಅಲ್ಲಿ ಕೇಳುವವನ ಪಕ್ಕದಲ್ಲೇ ಕೇಳಲೊಲ್ಲದವನೂ ಇದ್ದಾನೆ.

ನಮ್ಮ ಸೀಮೆಯಲ್ಲಿ ಬಾನುಲಿ ಹುಟ್ಟಿದ್ದೇ ಒಂದು ಮನೆಯಲ್ಲಿ. 1935ರ ಸೆಪ್ಟೆಂಬರ್ 10ರಂದು ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ‘ವಿಠಲ ವಿಹಾರ’ದಿಂದ 30 ವ್ಯಾಟಿನ ಪ್ರೇಷಕವೊಂದನ್ನಿಟ್ಟುಕೊಂಡು ‘ಆಕಾಶವಾಣಿ’ಯನ್ನು ಆರಂಭಿಸಿದರು. ಇಂದು ನಂಜನಗೂಡಿನ ಪೇಟೆಯಲ್ಲಿ ರಟ್ಟಿನ ಡಬ್ಬದ ಮೇಲೆ ನೂರಾರು ವ್ಯಾಟುಗಳನ್ನು ಘೋಷಿಸುವ ಪೆಟ್ಟಿಗೆ ಸಿಗುತ್ತದೆ. ಪ್ರೇಷಕದ ವ್ಯಾಟಿಗೂ ಸ್ಪೀಕರಿನ ವ್ಯಾಟಿಗೂ ಲೆಕ್ಕ ಬೇರೆ, ನಿಜ. ಆದರೂ ಹದಿನೈದು ಅಡಿಯ ಹಜಾರದಲ್ಲಿ ಹಿತವಾಗಿ ಕೇಳುವುದಕ್ಕೆ ಒಂದೆರಡು ವ್ಯಾಟು ಧಾರಾಳವಾಯಿತು.

ಆ ಕಾಲದ ರೇಡಿಯೊ ಹೇಗಿತ್ತೆಂಬುದು ಹಿರಿಯ ಓದುಗರಿಗೆ ನೆನಪಿರಬಹುದು. ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಮಾಡಿಸಬೇಕು. ಮರದ ಪೆಟ್ಟಿಗೆಗೆ ಕಸೂತಿಯ ಬಟ್ಟೆ ಹೊದಿಸಿ, ಮಕ್ಕಳ ಕೈಗೆಟುಕದ ಗೂಡಿನಲ್ಲಿ ಇಡಬೇಕು. ಪೆಟ್ಟಿಗೆ ಒಂದು, ಅದರೊಳಗಿನ ಶಂಕು ಒಂದು. ಪಡಸಾಲೆಯಲ್ಲಿ ಕುಳಿತವನಿಗೂ ಒಳಗೆ ಒಗ್ಗರಣೆ ಹಾಕುತ್ತಿದ್ದವಳಿಗೂ ಕೇಳಿದ್ದು ಒಂದೇ ಸಂಗೀತ. ತಿರುಪು ಮಾತ್ರ ಮನೆಯ ಯಜಮಾನರ ಕೈಯಲ್ಲಿ. ವಾರ್ತೆ ಮುಗಿಯಿತೆಂದರೆ ಟಕ್ಕನೆ ಆರಿಸುವ ಅಧಿಕಾರವೂ ಅವರದೇ.

ಈ ಸಮತೆಯನ್ನು ಕೆಡಿಸಿದ್ದು ಜೋಡಿ ಪೆಟ್ಟಿಗೆ. ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ 1931ರಲ್ಲೇ ಸ್ಟೀರಿಯೊ ವಿಧಾನಕ್ಕೆ ಪೇಟೆಂಟಿಗಾಗಿ ಅರ್ಜಿ ಹಾಕಿದ್ದನು. 1958ರ ವೇಳೆಗೆ ಸ್ಟೀರಿಯೊ ತಟ್ಟೆಗಳು ಪಶ್ಚಿಮದ ಮಾರುಕಟ್ಟೆಗೆ ಬಂದವು. ಎಡಬಲದ ಪೆಟ್ಟಿಗೆಗಳಿಗೆ ಸಮದೂರದಲ್ಲಿ, ತ್ರಿಕೋನದ ತುದಿಯಲ್ಲಿ ಕುಳಿತವನಿಗೆ ಗಾಯಕ ಕಣ್ಣೆದುರಿಗೇ ಬಂದು ನಿಂತಂತೆ ತೋರುತ್ತದೆ. ಸೊಗಸು ನಿಜವೇ. ಆದರೆ ಆ ತುದಿಯಲ್ಲಿ ಹಿಡಿಸುವುದು ಒಂದು ಕುರ್ಚಿ. ಉಳಿದವರಿಗೆಲ್ಲ ಹತ್ತಿರದ ಪೆಟ್ಟಿಗೆಯದೇ ಕಾರುಬಾರು. ಅಡುಗೆಮನೆಯ ಕಡೆಯ ಪೆಟ್ಟಿಗೆಯಲ್ಲಿ ಮೃದಂಗವನ್ನು ಇರಿಸಿದ್ದರೆ ಅಲ್ಲಿದ್ದವರ ಪಾಲಿಗೆ ಮೃದಂಗವೇ ಕಚೇರಿ! ಒಬ್ಬನೇ ಕುಳಿತು ಕೇಳುವ ಕೋಣೆಯಿದ್ದವರು ಜೋಡಿಯನ್ನು ಕೊಳ್ಳಲಿ. ಹತ್ತು ಜನ ಓಡಾಡುವ ಹಜಾರಕ್ಕೆ, ದನಿಯನ್ನು ಅಗಲವಾಗಿ ಹರಡುವ ಒಂದೇ ಒಳ್ಳೆಯ ಪೆಟ್ಟಿಗೆ ಮೇಲೆಂಬುದು ನನ್ನ ಮತ.

ಪೆಟ್ಟಿಗೆಯಷ್ಟೇ ಮುಖ್ಯವಾದದ್ದು ಕೋಣೆ. 1895ರಲ್ಲಿ ಹಾರ್ವರ್ಡಿನ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡುಗಳವರೆಗೆ ಅನುರಣಿಸುತ್ತಿತ್ತು. ಯುವಕ ಅಧ್ಯಾಪಕ ವ್ಯಾಲೇಸ್ ಸಬೈನ್ ರಾತ್ರಿಯ ಹೊತ್ತು ನೆರೆಯ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ನಿನ ಕೊಳವೆಯನ್ನು ಊದಿಸಿ, ಅನುರಣನೆ ಎಷ್ಟು ತಗ್ಗಿತೆಂದು ಅಳೆದನು. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನಕ್ಕೆ ಮರಳಬೇಕು! ನಮ್ಮ ತೊಟ್ಟಿಮನೆಗಳಿಗೆ ಈ ತೊಂದರೆ ಇರಲಿಲ್ಲ. ಹೆಚ್ಚಿದ ದನಿ ತೊಟ್ಟಿಯಿಂದ ಆಕಾಶಕ್ಕೆ ಹೋಗುತ್ತಿತ್ತು. ಚಾಪೆ, ಹಾಸಿಗೆಯ ಸುರುಳಿ, ಒಣಹಾಕಿದ ಸೀರೆ ಒಂದಿಷ್ಟನ್ನು ನುಂಗುತ್ತಿದ್ದವು. ಈಗಿನ ತಾರಸಿ ಮನೆಯ ನುಣುಪಾದ ನೆಲ, ಬರಿಯ ಗೋಡೆಗಳ ನಡುವೆ ಚಪ್ಪಾಳೆ ತಟ್ಟಿ ನೋಡಿ, ಟಂಯ್ ಎನ್ನುತ್ತದೆ. ಅಂಥಲ್ಲಿ ಹೊಸ ಸ್ಪೀಕರಿಗಿಂತ ಮೊದಲು ದಪ್ಪನೆಯ ಪರದೆ, ಜಮಖಾನೆಗಳನ್ನು ಕೊಳ್ಳುವುದು ಲಾಭ.

ಇನ್ನು ನೆರೆಯವರ ವಿಚಾರ. ನಂಜನಗೂಡಿನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನು ಹಗಲಿನಲ್ಲಿ ನಿದ್ರೆ ಮಾಡಬೇಕು. ಗೋಡೆಯ ಆಚೆಯ ಬಾಡಿಗೆಮನೆಯಲ್ಲಿ ಹಾಡು ಹಾಕಿದರೆ ಅವನಿಗೆ ಸಾಹಿತ್ಯ ಕೇಳಿಸದು, ರಾಗ ತಿಳಿಯದು. ದುಂ ದುಂ ಎಂಬ ಪೆಟ್ಟು ಮಾತ್ರ ಮುಟ್ಟುತ್ತದೆ. ತೆಳುವಾದ ದನಿಗಳನ್ನು ಗೋಡೆ ಬಹುಪಾಲು ತಡೆಯುತ್ತದೆ, ಮಂದ್ರವನ್ನು ತಡೆಯಲಾರದು. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದಷ್ಟೂ ಮಂದ್ರ ಉಬ್ಬುತ್ತದೆ. ಅಮೆರಿಕದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಮೂಲೆಯ ಗೋಡೆಗಳನ್ನೇ ಕಹಳೆಯ ಬಾಯಾಗಿ ಬಳಸಿಕೊಳ್ಳುವ ಸ್ಪೀಕರನ್ನು ಮಾಡಿದ್ದು ಈ ಗುಣವನ್ನು ನಂಬಿಯೇ. ಒಂಟಿ ಬಂಗಲೆಗೆ ಅದು ಸರಿ. ಗೋಡೆ ಹಂಚಿಕೊಂಡವರು ಸಬ್‌ವೂಫರ್ ಎಂಬ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಟ್ಟುಬರುವುದು ಕ್ಷೇಮ. ಚಿಕ್ಕ ಸ್ಪೀಕರನ್ನು ಮೂಲೆಯಿಂದ ಈಚೆಗೆ, ಕುಳಿತವರ ಕಿವಿಯ ಎತ್ತರಕ್ಕೆ, ಕೇಳುವವರಿಗೆ ಸಮೀಪದಲ್ಲಿ ಇಟ್ಟರೆ ದನಿಯನ್ನು ಏರಿಸುವ ಪ್ರಮೇಯವೇ ಕಡಿಮೆ. ಕಾನೂನೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಗೊತ್ತುಮಾಡಿವೆ. ಆದರೆ ನೆರೆಯವರು ಡೆಸಿಬಲ್ ಮಾಪಕ ತರುವ ಹೊತ್ತಿಗೆ ಸ್ನೇಹ ಎಲ್ಲಿ ಉಳಿದಿರುತ್ತದೆ?

ತಿರುಪಿನ ಪ್ರಶ್ನೆಯೂ ಮುಗಿದಿಲ್ಲ. ಈಗಿನ ಎಷ್ಟೋ ಪೆಟ್ಟಿಗೆಗಳಲ್ಲಿ ತಿರುಪೇ ಇಲ್ಲ. ಯಾರ ಮೊಬೈಲು ಜೋಡಿಯಾಗಿದೆಯೋ ಅವರದೇ ದರ್ಬಾರು. ಯಜಮಾನರ ಜಾಗಕ್ಕೆ ಮೊಮ್ಮಗ ಬಂದಿದ್ದಾನೆ, ಅಷ್ಟೆ. ಅಜ್ಜಿಯೂ ಎದ್ದು ಹೋಗಿ ತಗ್ಗಿಸಬಲ್ಲಂಥ ಗುಂಡಿ ಪೆಟ್ಟಿಗೆಯ ಮೈಮೇಲೆಯೇ ಇದೆಯೇ ಎಂದು ನೋಡಿಕೊಳ್ಳಬೇಕು. ಅಂಗಡಿಯವನು ಅಬ್ಬರದ ಸಿನಿಮಾ ಹಾಡು ಹಾಕಿದರೆ ನಿಲ್ಲಿಸಿ, ವಾರ್ತೆ ಹಾಕಲು ಹೇಳಿ. ದನಿಯನ್ನು ಪಿಸುಮಾತಿನ ಮಟ್ಟಕ್ಕೆ ಇಳಿಸಿದಾಗಲೂ ಸಕಾರ ಶಕಾರಗಳು ಬೇರೆಬೇರೆಯಾಗಿ ಕೇಳುತ್ತಿದ್ದರೆ, ಆಮೇಲೆ ಬೆಲೆ ವಿಚಾರಿಸಬಹುದು.