ಗಂಜಿ, ನಳಿಕೆ ಮತ್ತು ಸರ್ಕ್ಯುಲರ್

ನಮ್ಮ ಡೊಂಬಿವಲಿಯ ಕನ್ನಡಿಗರ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಗಂಜಿಯ ಫ್ಲಾಸ್ಕು ಹೊರಟಿತೆಂದೇ ಅರ್ಥ. ಕೆಲವು ವರ್ಷಗಳ ಹಿಂದೆ ಭಾವ ಠಾಣೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿದ್ದಾಗ ಅಕ್ಕ ಲೋಕಲ್‌ನಲ್ಲಿ ಮಡಿಲಲ್ಲಿಟ್ಟು ತಂದ ಗಂಜಿಯನ್ನು ಸಿಸ್ಟರ್ ಮುಟ್ಟಲಿಲ್ಲ. ಮೂಗಿನ ನಳಿಕೆಯಲ್ಲಿ ಡಬ್ಬಿಯ ಪುಡಿ ಕಲಸಿದ ಆಹಾರ ಮಾತ್ರವಂತೆ. ಅಕ್ಕ ಅತ್ತೇಬಿಟ್ಟಳು. ನನಗೆ ಚಿಂತೆಯಾದದ್ದು ಬೇರೆಯದು. ಸ್ಕ್ಯಾನ್‌ಗೆಂದು ಬೆಳಿಗ್ಗೆ ನಿಲ್ಲಿಸಿದ ಆಹಾರವನ್ನು ಸಂಜೆ ನಾನು ಕೇಳುವ ತನಕ ಮತ್ತೆ ಶುರು ಮಾಡಿರಲಿಲ್ಲ! ನಿಯಮ ಇರಲಿಲ್ಲವೇ? ಇತ್ತು, ಗೋಡೆಗೇ ಅಂಟಿಸಿದ್ದರು.

ನಾನು ಡಾಕ್ಟರಲ್ಲ, ಬಿಕಾಂ ಓದಿದ ಬ್ಯಾಂಕಿನವ. ಆದರೂ ಕುತೂಹಲದಿಂದ ಇದರ ಚರಿತ್ರೆ ಓದಿದೆ.

ಹಿಂದೆ ಎಷ್ಟೋ ರೋಗಿಗಳು ಗ್ಲೂಕೋಸ್ ಬಾಟಲಿಯ ಮೇಲೇ ದಿನ ದೂಡುತ್ತಿದ್ದರು. 5% ಗ್ಲೂಕೋಸ್ ಒಂದು ಲೀಟರ್ ಹೋದರೂ ಸಿಗುವುದು 200 ಕ್ಯಾಲೊರಿ ಮಾತ್ರ. 1968ರಲ್ಲಿ ಅಮೆರಿಕದ ಸ್ಟಾನ್ಲಿ ಡಡ್ರಿಕ್ ರಕ್ತನಾಳದ ಮೂಲಕವೇ ಪೂರ್ತಿ ಆಹಾರ ಕೊಡಬಹುದೆಂದು ತೋರಿಸಿದರು. 1974ರಲ್ಲಿ ಚಾರ್ಲ್ಸ್ ಬಟರ್‌ವರ್ತ್, ರೋಗಿಗಳು ಆಸ್ಪತ್ರೆಯಲ್ಲೇ ಸೊರಗುತ್ತಿದ್ದಾರೆ, ಯಾರೂ ಗಮನಿಸುತ್ತಿಲ್ಲ ಎಂದು ಬರೆದರು.

2003ರಲ್ಲಿ ಕೆನಡಾದ ವೈದ್ಯರು ಐಸಿಯು ಆಹಾರದ ಮಾರ್ಗಸೂಚಿ ತಂದರು. ಕಾಗದ ಬಂತು, ಜಾರಿಗೆ ತರುವವರು ಯಾರು? ಅಲ್ಲಿನ 14 ಆಸ್ಪತ್ರೆಗಳ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಸಿಬ್ಬಂದಿಗೆ ನಿಯಮ ಕಲಿಸಿ ಬೆನ್ನುಹತ್ತಿದ ಕಡೆ ರೋಗಿಗಳಿಗೆ ಹೆಚ್ಚು ದಿನ ನಳಿಕೆಯ ಆಹಾರ ಸಿಕ್ಕಿತ್ತು. ಆದರೆ 2008ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ 27 ಆಸ್ಪತ್ರೆಗಳ ವರದಿ ಬಂತು. ಅಲ್ಲಿ ಆಹಾರ ಬೇಗ ಶುರುವಾದರೂ ಸಾವು ಕಡಿಮೆಯಾಗಲಿಲ್ಲ. ಇದನ್ನೂ ಹೇಳಬೇಕು, ಲೆಕ್ಕ ಮುಚ್ಚಿಡಬಾರದು.

ನಮ್ಮಲ್ಲಿ ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ 1993ರಲ್ಲಿ ಇದೇ ಮುಂಬಯಿಯಲ್ಲಿ ಹುಟ್ಟಿತು. ಅದರ 2018ರ ಮಾರ್ಗಸೂಚಿಯ ಪ್ರಕಾರ 24ರಿಂದ 48 ಗಂಟೆಯೊಳಗೆ ನಳಿಕೆಯ ಆಹಾರ ಶುರುವಾಗಬೇಕು. ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನು, ಅಂದರೆ 60 ಕಿಲೋದವರಿಗೆ ಕನಿಷ್ಠ 72 ಗ್ರಾಂ. ನೂರು ಗ್ರಾಂ ಅಕ್ಕಿಯಲ್ಲಿರುವುದು ಏಳೆಂಟು ಗ್ರಾಂ! ಮನೆಯಲ್ಲಿ ರುಬ್ಬಿ ತಂದದ್ದರಲ್ಲಿ ಸೋಂಕಿನ ಭಯವೂ ಇದೆಯಂತೆ. ಗಂಜಿಯ ವಿಷಯದಲ್ಲಿ ಸಿಸ್ಟರ್ ಮಾಡಿದ್ದೇ ಸರಿ.

ನಿಂತ ನಳಿಕೆಯ ವಿಷಯಕ್ಕೂ ಒಂದು ಉಪಾಯ ಇದೆ. ಗಂಟೆಗೆ ಇಷ್ಟು ಎನ್ನುವ ಬದಲು ದಿನಕ್ಕೆ ಇಷ್ಟು ಎಂದು ಗೊತ್ತುಮಾಡುವುದು. ನಡುವೆ ನಿಂತು ಕಡಿಮೆಯಾದದ್ದನ್ನು ಸಿಸ್ಟರೇ ಉಳಿದ ಗಂಟೆಗಳಲ್ಲಿ ತುಂಬಿಸಬಹುದು. ನಮ್ಮ ಬ್ಯಾಂಕಿನಲ್ಲಿ ಸಂಜೆ ಕ್ಯಾಶ್ ಟ್ಯಾಲಿ ಮಾಡಿದ ಹಾಗೆ. ಹೆಡ್ ಆಫೀಸಿನ ಸರ್ಕ್ಯುಲರ್ ಫೈಲಿನಲ್ಲಿದ್ದರೆ ಸಾಲದು, ಕೌಂಟರಿನಲ್ಲಿ ಕೂತವನಿಗೆ ಗೊತ್ತಿರಬೇಕಲ್ಲವೇ?

ಭಾವ ಮನೆಗೆ ಬಂದರು. ಅಕ್ಕನ ಗಂಜಿ ಆಮೇಲೆ ಉಂಡರು. ಕಲ್ಯಾಣವೋ ನವಿ ಮುಂಬಯಿಯೋ, ನಿಮ್ಮವರು ಐಸಿಯುನಲ್ಲಿದ್ದರೆ ಫ್ಲಾಸ್ಕು ಮನೆಯಲ್ಲೇ ಇರಲಿ. ಸಂಜೆ ಹೋದಾಗ ಮೆಲ್ಲಗೆ ಒಂದು ಮಾತು ಕೇಳಿ: "ಸಿಸ್ಟರ್, ಇವತ್ತು ಎಷ್ಟು ಹೋಗಬೇಕಿತ್ತು, ಎಷ್ಟು ಹೋಯಿತು?"